ಕಬ್ಬಿಣ ಅಗ್ಗ, ಬಾಳಿಕೆ ದುಬಾರಿ: ಪ್ಲಾಟಿನಂ ಇಲ್ಲದ ಹೈಡ್ರೋಜನ್ ಇಂಧನ ಕೋಶದ ಲೆಕ್ಕಾಚಾರ

ಕೇಂದ್ರ ಸಚಿವ ಸಂಪುಟ 2023ರ ಜನವರಿ 4ರಂದು ಒಪ್ಪಿಗೆ ನೀಡಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಮೀಸಲಾದ ಮೊತ್ತ 19,744 ಕೋಟಿ ರೂಪಾಯಿ. ಅದರಲ್ಲಿ 17,490 ಕೋಟಿ ರೂಪಾಯಿ ಹೈಡ್ರೋಜನ್ ತಯಾರಿಕೆಗೂ ಅದನ್ನು ತಯಾರಿಸುವ ಯಂತ್ರಗಳಿಗೂ ಪ್ರೋತ್ಸಾಹಧನವಾಗಿ ಹೋಗುತ್ತದೆ. ಸಂಶೋಧನೆಗೆಂದು ತೆಗೆದಿಟ್ಟದ್ದು 400 ಕೋಟಿ, ಅಂದರೆ ಒಟ್ಟು ಮೊತ್ತದ ಶೇಕಡಾ ಎರಡರಷ್ಟು. ಧಾರವಾಡ, ಗದಗ, ಹಾವೇರಿಯ ನಮ್ಮ ಭಾಗದ ಮಾತುಕತೆಯ ಒಲವೂ ಹೀಗೆಯೇ ಇದೆ. ಗದಗ ಜಿಲ್ಲೆಯ ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳನ್ನು ಕಂಡವರಿಗೆ, ಆ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ಪಡೆಯಬಹುದಲ್ಲ ಎಂಬ ಯೋಚನೆ ಸಹಜವಾಗಿಯೇ ಬರುತ್ತದೆ. ಹಾಗೆ ಪಡೆದ ಹೈಡ್ರೋಜನ್ನನ್ನು ಬಸ್ಸಿನಲ್ಲಿಯೋ ಮೊಬೈಲ್ ಟವರಿನ ಬುಡದಲ್ಲಿಯೋ ಮರಳಿ ವಿದ್ಯುತ್ತಾಗಿಸುವ ಇಂಧನ ಕೋಶ ಏನನ್ನು ಬೇಡುತ್ತದೆ, ಅದರ ಒಳಗಿನ ಪ್ಲಾಟಿನಂ ಎಲ್ಲಿಂದ ಬರುತ್ತದೆ, ಅದಕ್ಕೆ ಬದಲಿ ಇದೆಯೇ ಎಂಬ ಪ್ರಶ್ನೆಗಳು ಮಾತ್ರ ಹಿಂದೆಯೇ ಉಳಿಯುತ್ತವೆ.

ಬದಲಿ ಇದೆ. ಅರುವತ್ತು ವರ್ಷಗಳಿಂದ ಅದರ ಮೇಲೆ ಕೆಲಸ ನಡೆದಿದೆ, ಕಬ್ಬಿಣ, ಸಾರಜನಕ ಮತ್ತು ಇಂಗಾಲದಿಂದ ಮಾಡಿದ ಕ್ರಿಯಾವರ್ಧಕಗಳು (ತಾವು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುಗಳು; ಕೋಶದಲ್ಲಿ ಪ್ಲಾಟಿನಂ ಮಾಡುವ ಕೆಲಸವೂ ಅದೇ) ಪ್ಲಾಟಿನಂಗೆ ಹತ್ತಿರ ಹತ್ತಿರ ಬಂದಿವೆ. ಆದರೆ ಇಂತಹ ಸುದ್ದಿ ಬಂದಾಗಲೆಲ್ಲ “ಅಗ್ಗದ ಲೋಹ ಸಿಕ್ಕಿತು, ಇನ್ನು ಹೈಡ್ರೋಜನ್ ವಾಹನ ಅಗ್ಗ” ಎಂದು ಬರೆಯುವುದು ವಿಷಯವನ್ನು ತಪ್ಪು ತುದಿಯಿಂದ ಹಿಡಿದಂತೆ. ಈಗ ಕೊರತೆ ಇರುವುದು ಅಗ್ಗದ ಲೋಹಕ್ಕಲ್ಲ. ಆ ಲೋಹ ಕೋಶದೊಳಗೆ ಸಾವಿರಾರು ತಾಸು ತಾಳಿಕೊಳ್ಳುವಂತೆ ಮಾಡುವ ಉಪಾಯಕ್ಕೆ.

ಇಂಧನ ಕೋಶದ ತತ್ತ್ವ ಹಳೆಯದು. ವಿಲಿಯಂ ಗ್ರೋವ್ 1839ರಲ್ಲಿಯೇ ಪ್ಲಾಟಿನಂ ಪಟ್ಟಿಗಳನ್ನು ಆಮ್ಲದಲ್ಲಿ ಇಳಿಬಿಟ್ಟು, ಒಂದಕ್ಕೆ ಹೈಡ್ರೋಜನ್, ಇನ್ನೊಂದಕ್ಕೆ ಆಮ್ಲಜನಕ ತಾಗಿಸಿ ವಿದ್ಯುತ್ ಪಡೆದಿದ್ದರು. ಇಂದು ವಾಹನಗಳಲ್ಲಿ ಬಳಸುವ ಕೋಶದಲ್ಲಿ ಆಮ್ಲದ ಬದಲು ತೆಳುವಾದ ಪಾಲಿಮರ್ ಪೊರೆ ಇರುತ್ತದೆ. ಡುಪಾಂಟ್ ಕಂಪನಿ ರೂಪಿಸಿದ ನ್ಯಾಫಿಯಾನ್ ಅದರ ಹೆಸರಾಂತ ಮಾದರಿ. ಪೊರೆಯ ಒಂದು ಬದಿಯಲ್ಲಿ ಹೈಡ್ರೋಜನ್ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಪ್ರೋಟಾನ್ ಆಗುತ್ತದೆ. ಪ್ರೋಟಾನುಗಳು ಪೊರೆಯೊಳಗಿಂದ ದಾಟುತ್ತವೆ, ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಹರಿದು ಮೋಟಾರು ತಿರುಗಿಸಿ ಬರುತ್ತವೆ, ಇನ್ನೊಂದು ಬದಿಯಲ್ಲಿ ಎರಡೂ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ನೀರಾಗುತ್ತವೆ. ಇದೆಲ್ಲ ನಡೆಯುವುದು ಸುಮಾರು 80 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ.

ಹೈಡ್ರೋಜನ್ ಬದಿಯ ಕೆಲಸ ಸಲೀಸು. ಚದರ ಸೆಂಟಿಮೀಟರಿಗೆ 0.05 ಮಿಲಿಗ್ರಾಂ ಪ್ಲಾಟಿನಂ ಇದ್ದರೂ ಅದು ನಡೆದುಹೋಗುತ್ತದೆ. ತೊಡಕಿರುವುದು ಆಮ್ಲಜನಕದ ಬದಿಯಲ್ಲಿ. ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಗಟ್ಟಿಯಾದ ಜೋಡಿಬಂಧದಿಂದ ಅಂಟಿಕೊಂಡಿವೆ. ಅದನ್ನು ಬಿಡಿಸಿ, ನಾಲ್ಕು ಎಲೆಕ್ಟ್ರಾನು ಮತ್ತು ನಾಲ್ಕು ಪ್ರೋಟಾನುಗಳನ್ನು ಒಂದೊಂದಾಗಿ ಸೇರಿಸಿ ಎರಡು ಅಣು ನೀರು ಮಾಡಬೇಕು. ಕ್ರಿಯಾವರ್ಧಕದ ಮೇಲ್ಮೈ ಆಮ್ಲಜನಕವನ್ನು ತೀರ ಸಡಿಲವಾಗಿ ಹಿಡಿದರೆ ಬಂಧ ಬಿಡುವುದಿಲ್ಲ. ತೀರ ಬಿಗಿಯಾಗಿ ಹಿಡಿದರೆ ಆದ ನೀರು ಜಾಗ ತೆರವು ಮಾಡುವುದಿಲ್ಲ. ಈ ಹದಕ್ಕೆ ಶುದ್ಧ ಲೋಹಗಳಲ್ಲಿ ಅತ್ಯಂತ ಸಮೀಪ ನಿಲ್ಲುವುದು ಪ್ಲಾಟಿನಂ. ಆದರೂ ಅದು ಪರಿಪೂರ್ಣವಲ್ಲ: ತತ್ತ್ವದ ಪ್ರಕಾರ ಒಂದು ಕೋಶ 1.23 ವೋಲ್ಟ್ ಕೊಡಬೇಕು, ಕೆಲಸ ಮಾಡುವಾಗ ಕೊಡುವುದು 0.6ರಿಂದ 0.7 ವೋಲ್ಟ್. ನಡುವಿನ ನಷ್ಟದಲ್ಲಿ ಸಿಂಹಪಾಲು ಈ ನಿಧಾನಗತಿಯ ಆಮ್ಲಜನಕ ಕ್ರಿಯೆಗೇ ಸಲ್ಲುತ್ತದೆ.

ಪ್ಲಾಟಿನಂ ಬಳಸಲು ಇನ್ನೊಂದು ಕಾರಣವೂ ಇದೆ, ಜನಪ್ರಿಯ ಬರಹಗಳಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಪ್ರೋಟಾನ್ ದಾಟಿಸುವ ಪೊರೆ ಗಂಧಕಾಮ್ಲದಂತಹ ಗುಂಪುಗಳನ್ನು ಹೊತ್ತ, ಒಳಗೊಳಗೆ ತೀವ್ರ ಆಮ್ಲೀಯವಾದ ವಸ್ತು. ಅದಕ್ಕೆ ತಾಗಿಕೊಂಡ ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಯಾವುದೂ ಲೋಹವಾಗಿ ಉಳಿಯುವುದಿಲ್ಲ, ಕರಗಿ ಹೋಗುತ್ತದೆ. ಆಮ್ಲ, ಬಿಸಿ, ಆಮ್ಲಜನಕ ಮತ್ತು ವೋಲ್ಟೇಜ್ ನಾಲ್ಕನ್ನೂ ಒಟ್ಟಿಗೆ ಎದುರಿಸಿ ನಿಲ್ಲುವ ಗುಣ ಬೆಲೆಬಾಳುವ ಲೋಹಗಳಿಗೆ ಹೊರತು ಬೇರೆಯವಕ್ಕೆ ಇಲ್ಲವೆಂಬಷ್ಟು ಕಡಿಮೆ.

ಹಾಗಾದರೆ ಪ್ಲಾಟಿನಂ ಎಷ್ಟು ಬೇಕು? ಒಂದು ಚದರ ಸೆಂಟಿಮೀಟರ್ ಕೋಶಕ್ಕೆ 0.3 ಮಿಲಿಗ್ರಾಂ ಪ್ಲಾಟಿನಂ ಹಾಕಿ ಒಂದು ವ್ಯಾಟ್ ವಿದ್ಯುತ್ ತೆಗೆಯುತ್ತೇವೆ ಎಂದುಕೊಳ್ಳೋಣ. ಇದು ವಾಸ್ತವಕ್ಕೆ ದೂರವಾದ ಅಂಕಿಯಲ್ಲ. ಆಗ 100 ಕಿಲೋವ್ಯಾಟಿನ ಕಾರಿಗೆ ಹತ್ತು ಚದರ ಮೀಟರ್ ಕೋಶ ಮತ್ತು 30 ಗ್ರಾಂ ಪ್ಲಾಟಿನಂ ಬೇಕಾಗುತ್ತದೆ. ಅದು ಹೆಚ್ಚುಕಡಿಮೆ ಒಂದು ಔನ್ಸ್. 2024ರವರೆಗಿನ ಹತ್ತು ವರ್ಷ ಪ್ಲಾಟಿನಂ ಬೆಲೆ ಔನ್ಸಿಗೆ 1,000 ಡಾಲರಿನ ಆಸುಪಾಸಿನಲ್ಲಿಯೇ ಇತ್ತು. 2025ರಲ್ಲಿ ಜೋರಾಗಿ ಏರಿತು. ಹಳೆಯ ದರದಲ್ಲಿ ನೋಡಿದರೆ ಒಂದು ಕಾರಿನ ಪ್ಲಾಟಿನಂಗೆ ತಗಲುತ್ತಿದ್ದದ್ದು ನಮ್ಮ ಹಣದಲ್ಲಿ ಎಂಬತ್ತು ಸಾವಿರ ರೂಪಾಯಿಯ ಸುಮಾರು. ಕಡಿಮೆ ಹಣವೇನಲ್ಲ, ಆದರೆ ಹೈಡ್ರೋಜನ್ ಕಾರು ಜನರ ಕೈಗೆ ಸಿಗದಿರಲು ಅದೊಂದೇ ಕಾರಣವೂ ಅಲ್ಲ.

ನಿಜವಾದ ಸಮಸ್ಯೆ ಗುಣಾಕಾರ ಮಾಡಿದಾಗ ಎದುರಾಗುತ್ತದೆ. ವರ್ಷಕ್ಕೆ ಒಂದು ಕೋಟಿ ಇಂತಹ ವಾಹನ ತಯಾರಿಸಬೇಕೆಂದರೆ 300 ಟನ್ ಪ್ಲಾಟಿನಂ ಬೇಕು, ಜಗತ್ತಿನ ಗಣಿಗಳಿಂದ ವರ್ಷಕ್ಕೆ ಬರುವುದೇ 200 ಟನ್ನಿಗಿಂತ ಕಡಿಮೆ. ಅದರಲ್ಲಿಯೂ ಸುಮಾರು ಶೇಕಡಾ 70 ದಕ್ಷಿಣ ಆಫ್ರಿಕಾ ಒಂದರಿಂದ, ಉಳಿದುದರ ಬಹುಪಾಲು ರಷ್ಯಾ ಮತ್ತು ಜಿಂಬಾಬ್ವೆಯಿಂದ. ತಯಾರಿಕೆ ಹೆಚ್ಚಿದಷ್ಟೂ ಸಾಮಾನ್ಯವಾಗಿ ವಸ್ತುವಿನ ಬೆಲೆ ಇಳಿಯುತ್ತದೆ. ಪ್ಲಾಟಿನಂ ವಿಷಯದಲ್ಲಿ ಬೇಡಿಕೆ ಹೆಚ್ಚಿದಷ್ಟೂ ಏರುತ್ತದೆ. ವರ್ಷಕ್ಕೆ ಐದು ಲಕ್ಷ ಕೋಶಗುಚ್ಛ (ಒಂದರ ಮೇಲೊಂದು ಜೋಡಿಸಿದ ಕೋಶಗಳ ಕಟ್ಟು) ತಯಾರಿಸುವ ಕಾರ್ಖಾನೆಯನ್ನು ಊಹಿಸಿ ಅಮೆರಿಕದ ಇಂಧನ ಇಲಾಖೆ ಮಾಡಿಸಿದ ಅಂದಾಜಿನಲ್ಲಿ, ಗುಚ್ಛದ ವೆಚ್ಚದ ಐದರಲ್ಲಿ ಎರಡು ಪಾಲು ಕ್ರಿಯಾವರ್ಧಕದ್ದೇ ಆಗಿರುವುದು ಈ ಕಾರಣಕ್ಕೆ. ಸಣ್ಣ ಪ್ರಮಾಣದಲ್ಲಿ ತಯಾರಿಸುವಾಗ ಪೊರೆ, ಫಲಕ, ಜೋಡಣೆಯ ಕೂಲಿ ಇವೇ ದುಬಾರಿ, ಪ್ಲಾಟಿನಂ ಅಲ್ಲ.

ಪ್ಲಾಟಿನಂ ಗುಂಪಿನ ಲೋಹಗಳ ಸುಳಿವು ನಮ್ಮ ಪಕ್ಕದಲ್ಲಿಯೂ ಇದೆ. ಹಾವೇರಿಯ ನೆರೆಯ ದಾವಣಗೆರೆ ಜಿಲ್ಲೆಯ ಹನುಮಲಾಪುರದ ಶಿಲೆಗಳಲ್ಲಿ ಅವು ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ, ಒಡಿಶಾದ ನುವಾಸಾಹಿ ಪ್ರದೇಶದಲ್ಲಿಯೂ ಇವೆ. ಶಿಲೆಯಲ್ಲಿ ಇರುವುದಕ್ಕೂ ಗಣಿ ಮಾಡಿ ಲಾಭಕ್ಕೆ ತೆಗೆಯುವುದಕ್ಕೂ ಬಹಳ ಅಂತರವಿದೆ. ದೇಶಕ್ಕೆ ಬೇಕಾದ ಪ್ಲಾಟಿನಂ ಇಂದಿಗೂ ಆಮದಿನದೇ.

ಬದಲಿಯ ಹುಡುಕಾಟ 1964ರಲ್ಲಿ ಒಂದು ದಾರಿ ಹಿಡಿಯಿತು. ರೇಮಂಡ್ ಜಸಿನ್ಸ್ಕಿ ಎಂಬ ವಿಜ್ಞಾನಿ, ಕೋಬಾಲ್ಟ್ ಥ್ಯಾಲೊಸಯನಿನ್ ಎಂಬ ಸಂಯುಕ್ತ ಆಮ್ಲಜನಕವನ್ನು ಅಪಕರ್ಷಿಸಬಲ್ಲದು, ಅಂದರೆ ಅದಕ್ಕೆ ಎಲೆಕ್ಟ್ರಾನು ಸೇರಿಸಬಲ್ಲದು ಎಂದು ತೋರಿಸಿದರು. ನಮ್ಮ ರಕ್ತದ ಹೀಮ್‌ನಲ್ಲಿ ಕಬ್ಬಿಣದ ಒಂದು ಪರಮಾಣುವನ್ನು ನಾಲ್ಕು ಸಾರಜನಕಗಳು ಸುತ್ತುವರಿದು ಹಿಡಿದಂತಹ ರಚನೆಯೇ ಅದರಲ್ಲಿಯೂ ಇದೆ. ಅದು ಆಮ್ಲದಲ್ಲಿ ಬೇಗ ಹಾಳಾಗುತ್ತಿತ್ತು. 1970ರ ದಶಕದಲ್ಲಿ ಇಂತಹ ಸಂಯುಕ್ತಗಳನ್ನು ಇಂಗಾಲದ ಮೇಲಿಟ್ಟು ಜಡ ಅನಿಲದಲ್ಲಿ ಕಾಯಿಸಿದರೆ ಬಾಳಿಕೆ ಹೆಚ್ಚುತ್ತದೆ ಎಂದು ಗೊತ್ತಾಯಿತು. 1989ರಲ್ಲಿ ಇನ್ನೊಂದು ಬಾಗಿಲು ತೆರೆಯಿತು: ದುಬಾರಿಯಾದ ಆ ಸಂಯುಕ್ತವೇ ಬೇಕೆಂದಿಲ್ಲ, ಕಬ್ಬಿಣ ಅಥವಾ ಕೋಬಾಲ್ಟಿನ ಸಾಮಾನ್ಯ ಲವಣ, ಸಾರಜನಕವಿರುವ ಒಂದು ಪಾಲಿಮರ್ ಮತ್ತು ಇಂಗಾಲದ ಪುಡಿಯನ್ನು ಬೆರೆಸಿ ಕಾಯಿಸಿದರೂ ಸಕ್ರಿಯ ವಸ್ತು ದೊರೆಯುತ್ತದೆ.

ಇಂದು ಬಹಳ ಪ್ರಯೋಗಾಲಯಗಳು ಅನುಸರಿಸುವ ವಿಧಾನ ಆ ದಾರಿಯ ಮುಂದುವರಿಕೆ. ಸತು ಮತ್ತು ಒಂದು ಸಾವಯವ ಅಣುವಿನಿಂದ ಹೆಣೆದ, ಝಿಫ್-8 ಎಂದು ಕರೆಯುವ ಜಾಲರಿಯಂತಹ ಹರಳನ್ನು ತೆಗೆದುಕೊಂಡು ಅದರಲ್ಲಿ ಕಬ್ಬಿಣದ ಲವಣವನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ. ಆರ್ಗಾನ್ ಹರಿಯುವ ಕೊಳವೆ ಕುಲುಮೆಯಲ್ಲಿ 900ರಿಂದ 1,100 ಡಿಗ್ರಿಯವರೆಗೆ ಕಾಯಿಸುತ್ತಾರೆ. ಸತು 907 ಡಿಗ್ರಿಗೆ ಕುದಿದು ಆವಿಯಾಗಿ ಹೊರಟುಹೋಗುತ್ತದೆ, ಅದು ಬಿಟ್ಟುಹೋದ ಜಾಗ ಸೂಕ್ಷ್ಮ ರಂಧ್ರಗಳಾಗಿ ಉಳಿಯುತ್ತದೆ. ಸಾವಯವ ಭಾಗ ಸುಟ್ಟು ಸಾರಜನಕ ತುಂಬಿದ ಇಂಗಾಲವಾಗುತ್ತದೆ. ಅಲ್ಲಲ್ಲಿ ಕಬ್ಬಿಣದ ಒಂಟಿ ಪರಮಾಣುಗಳು ನಾಲ್ಕು ಸಾರಜನಕಗಳ ನಡುವೆ ಸಿಕ್ಕಿಕೊಂಡು ನಿಲ್ಲುತ್ತವೆ. ಕೊನೆಗೆ ಕೈಯಲ್ಲಿ ಉಳಿಯುವುದು ಹಗುರವಾದ ಕಪ್ಪು ಪುಡಿ, ಅದರ ತೂಕದಲ್ಲಿ ಕಬ್ಬಿಣ ಶೇಕಡಾ ಒಂದರಿಂದ ಮೂರರಷ್ಟು. ಕಬ್ಬಿಣ ಹೆಚ್ಚಾದರೆ ಒಳ್ಳೆಯದೆಂದು ತುಂಬಿದರೆ ಪರಮಾಣುಗಳು ಒಂದಕ್ಕೊಂದು ಸೇರಿ ಕಬ್ಬಿಣದ ಕಣಗಳಾಗಿ ಕೆಲಸಕ್ಕೆ ಬಾರದೆ ಹೋಗುತ್ತವೆ. ಆದ್ದರಿಂದ ಪಕ್ಕದ ಸಂಡೂರಿನಲ್ಲಿ ಅದಿರು ರಾಶಿ ಬಿದ್ದಿದೆ ಎಂಬುದು ಈ ತಂತ್ರಜ್ಞಾನಕ್ಕೆ ಯಾವ ಅನುಕೂಲವನ್ನೂ ತರುವುದಿಲ್ಲ. ಇಲ್ಲಿ ಬೆಲೆ ಬೀಳುವುದು ಪರಮಾಣುಗಳನ್ನು ಒಂಟಿಯಾಗಿ ಕೂರಿಸುವ ಕುಶಲತೆಗೆ.

ಕೆನಡಾದಲ್ಲಿ ಜಾನ್-ಪೋಲ್ ಡೊಡಲೆ ಅವರ ತಂಡ 2009ರಲ್ಲಿ, ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಪಿಯೋಟರ್ ಝೆಲೆನೆ ಅವರ ತಂಡ 2011ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಕ್ಷೇತ್ರದ ಹುರುಪನ್ನು ಹೆಚ್ಚಿಸಿದವು. ಮೊದಲನೆಯದು ಚಟುವಟಿಕೆಯಲ್ಲಿ ಪ್ಲಾಟಿನಂಗೆ ಸಮೀಪಿಸಿತು, ಎರಡನೆಯದು 700 ತಾಸು ನಡೆಯಿತು. 700 ತಾಸು ಎಂಬ ಅಂಕಿ ಅಂದಿನಿಂದ ಎಷ್ಟೋ ಬರಹಗಳಲ್ಲಿ ಓಡಾಡಿಕೊಂಡಿದೆ. ಅದು ಸಾಧನೆ ಹೌದು, ಆದರೆ ಆ ಪರೀಕ್ಷೆ ನಡೆದದ್ದು 0.4 ವೋಲ್ಟಿನಲ್ಲಿ. ಅಷ್ಟು ಕಡಿಮೆ ವೋಲ್ಟಿನಲ್ಲಿ ಕೋಶ ಓಡಿಸಿದರೆ ಹೈಡ್ರೋಜನ್ನಿನ ಶಕ್ತಿಯಲ್ಲಿ ಮೂರನೆಯ ಒಂದು ಭಾಗ ಮಾತ್ರ ವಿದ್ಯುತ್ತಾಗಿ ಬರುತ್ತದೆ, ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. ಒಳ್ಳೆಯ ಡೀಸೆಲ್ ಎಂಜಿನ್ನೂ ಅಷ್ಟು ಮಾಡುತ್ತದೆ. ಕೋಶವನ್ನು 0.7 ವೋಲ್ಟಿನಲ್ಲಿ ಓಡಿಸಿದಾಗಲೇ ಅರ್ಧಕ್ಕಿಂತ ಹೆಚ್ಚು ಶಕ್ತಿ ಕೈಗೆ ಸಿಗುವುದು. ಆ ಎತ್ತರದ ವೋಲ್ಟಿನಲ್ಲಿಯೇ ಕಬ್ಬಿಣದ ಕ್ರಿಯಾವರ್ಧಕಗಳು ಬೇಗ ಸೋಲುತ್ತವೆ. ಮೊದಲ ನೂರು ತಾಸಿನೊಳಗೆ ಚಟುವಟಿಕೆಯ ಅರ್ಧದಷ್ಟನ್ನು ಕಳೆದುಕೊಳ್ಳುವುದು ಈ ಗುಂಪಿನಲ್ಲಿ ಅಪರೂಪದ ಸಂಗತಿಯಲ್ಲ.

ಏಕೆ ಹೀಗೆ ಎಂಬುದಕ್ಕೆ ಒಂದೇ ಉತ್ತರವಿಲ್ಲ, ನಾಲ್ಕೈದು ಹಾನಿಗಳು ಒಟ್ಟಿಗೆ ನಡೆಯುತ್ತವೆ. ಆಮ್ಲದ ವಾತಾವರಣದಲ್ಲಿ ಕಬ್ಬಿಣದ ಕೆಲವು ಪರಮಾಣುಗಳು ಸಾರಜನಕದ ಹಿಡಿತದಿಂದ ಕಳಚಿಕೊಂಡು ಅಯಾನುಗಳಾಗಿ ಹೊರಬರುತ್ತವೆ; ಜಾಗ ಖಾಲಿಯಾದಷ್ಟು ಚಟುವಟಿಕೆ ಇಳಿಯುತ್ತದೆ. ಸಾರಜನಕಗಳೇ ಪ್ರೋಟಾನು ಹಿಡಿದುಕೊಂಡು ತಮ್ಮ ಗುಣ ಬದಲಿಸುತ್ತವೆ. ರಂಧ್ರಗಳಲ್ಲಿ ನೀರು ತುಂಬಿ ಗಾಳಿ ಒಳಹೋಗುವ ದಾರಿ ಮುಚ್ಚುತ್ತದೆ ಎಂಬ ವಾದವೂ ಇದೆ, ಅದರ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಎಲ್ಲಕ್ಕಿಂತ ಕಿಡಿಗೇಡಿಯಾದದ್ದು ಹೈಡ್ರೋಜನ್ ಪೆರಾಕ್ಸೈಡ್. ಆಮ್ಲಜನಕಕ್ಕೆ ನಾಲ್ಕು ಎಲೆಕ್ಟ್ರಾನು ಸಿಗಬೇಕಾದಲ್ಲಿ ಎರಡೇ ಸಿಕ್ಕರೆ ನೀರಿನ ಬದಲು ಪೆರಾಕ್ಸೈಡ್ ಹುಟ್ಟುತ್ತದೆ. ಕಳಚಿ ಬಂದ ಕಬ್ಬಿಣದ ಅಯಾನು ಅದಕ್ಕೆ ತಾಗಿದರೆ ಫೆಂಟನ್ ಕ್ರಿಯೆ ನಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ, ಎದುರಿಗೆ ಸಿಕ್ಕಿದ್ದನ್ನೆಲ್ಲ ಕೊರೆಯುವ ಕಣ ಬಿಡುಗಡೆಯಾಗುತ್ತದೆ. ಕೈಗಾರಿಕೆಯ ಬಣ್ಣದ ನೀರನ್ನು ಶುದ್ಧಗೊಳಿಸಲು ಬಳಸುವ ಕ್ರಿಯೆಯೇ ಇದು. ಅಲ್ಲಿ ಉಪಕಾರಿ, ಇಲ್ಲಿ ಅದು ಇಂಗಾಲವನ್ನೂ ಪೊರೆಯನ್ನೂ ತಿಂದುಹಾಕುತ್ತದೆ. ಕ್ರಿಯಾವರ್ಧಕ ತಾನು ಕೆಡುವುದರ ಜೊತೆಗೆ ದುಬಾರಿಯಾದ ಪೊರೆಯನ್ನೂ ಕೆಡಿಸುತ್ತದೆ ಎಂಬುದು ಅಗ್ಗದ ಲೋಹದ ಲೆಕ್ಕದಲ್ಲಿ ಬಿಟ್ಟುಹೋಗುವ ಬಾಬತ್ತು.

ಇದಕ್ಕೆ ಪರಿಹಾರಗಳು ಬರುತ್ತಿಲ್ಲವೆಂದಲ್ಲ. ಫೆಂಟನ್ ಕ್ರಿಯೆಯಲ್ಲಿ ಅಷ್ಟು ಚುರುಕಲ್ಲದ ಮ್ಯಾಂಗನೀಸ್ ಅಥವಾ ಕೋಬಾಲ್ಟನ್ನು ಕಬ್ಬಿಣದ ಬದಲು ಬಳಸಿ ನೋಡಿದ್ದಾರೆ, ಅವುಗಳಲ್ಲಿ ಚಟುವಟಿಕೆ ಕಡಿಮೆ. ರ‍್ಯಾಡಿಕಲ್ಲುಗಳನ್ನು ಹೀರಿಕೊಳ್ಳಲು ಸೀರಿಯಂ ಆಕ್ಸೈಡ್ ಸೇರಿಸುವುದುಂಟು. 2022ರಲ್ಲಿ ಬಫಲೋ ವಿಶ್ವವಿದ್ಯಾಲಯದ ಗ್ಯಾಂಗ್ ವು ಅವರ ತಂಡ, ಸಿದ್ಧವಾದ ಕಬ್ಬಿಣದ ಕ್ರಿಯಾವರ್ಧಕದ ಮೇಲೆ ಸಾರಜನಕಯುಕ್ತ ಇಂಗಾಲದ ತೆಳು ಲೇಪನ ಕೂರಿಸಿ ಅಸ್ಥಿರವಾದ ಕಬ್ಬಿಣದ ತಾಣಗಳನ್ನು (ಒಂಟಿ ಪರಮಾಣು ಕುಳಿತ ಜಾಗಗಳನ್ನು) ಸ್ಥಿರವಾದ ತಾಣಗಳನ್ನಾಗಿ ಬದಲಿಸಿದ ಕೆಲಸ, ನನ್ನ ದೃಷ್ಟಿಯಲ್ಲಿ, ಈ ದಶಕದ ಆಶಾದಾಯಕ ಹೆಜ್ಜೆ. ಕಬ್ಬಿಣದ ತಾಣಗಳೆಲ್ಲ ಒಂದೇ ಬಗೆಯವಲ್ಲ, ಬೇಗ ಚುರುಕಾಗುವವು ಬೇಗ ಸಾಯುತ್ತವೆ, ನಿಧಾನದವು ಉಳಿಯುತ್ತವೆ ಎಂಬ ತಿಳಿವಳಿಕೆಯಿಂದ ಅದು ಹುಟ್ಟಿದೆ. ಮೊದಲ ದಿನದ ಚಟುವಟಿಕೆಯನ್ನು ಸ್ವಲ್ಪ ಬಿಟ್ಟುಕೊಟ್ಟು ಬಾಳಿಕೆ ಪಡೆಯುವ ಈ ದಾರಿಯನ್ನು ಕ್ಷೇತ್ರ ಇಪ್ಪತ್ತು ವರ್ಷ ಮೊದಲೇ ಹಿಡಿಯಬೇಕಿತ್ತು.

ನಗರದ ಬಸ್ಸಿನ ಇಂಧನ ಕೋಶಕ್ಕೆ ಅಮೆರಿಕದ ಇಂಧನ ಇಲಾಖೆ ಇಟ್ಟಿರುವ ಗುರಿ 25,000 ತಾಸು. ಹುಬ್ಬಳ್ಳಿ-ಧಾರವಾಡ ನಡುವಿನ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿಯಂತಹ ಬಸ್ಸು ದಿನಕ್ಕೆ ಹದಿನಾರು ತಾಸು ರಸ್ತೆಯಲ್ಲಿದ್ದರೆ ವರ್ಷಕ್ಕೆ ಐದೂವರೆ ಸಾವಿರ ತಾಸು ದಾಟುತ್ತದೆ. 25,000 ತಾಸು ಎಂದರೆ ಹೆಚ್ಚುಕಡಿಮೆ ನಾಲ್ಕೂವರೆ ವರ್ಷದ ಓಟ. ನಿಲ್ದಾಣಕ್ಕೊಮ್ಮೆ ನಿಂತು ಹೊರಡುವ ಬಸ್ಸಿನಲ್ಲಿ ವೋಲ್ಟೇಜು ದಿನಕ್ಕೆ ನೂರಾರು ಸಲ ಏರಿ ಇಳಿಯುತ್ತದೆ, ಕ್ರಿಯಾವರ್ಧಕಕ್ಕೆ ಸ್ಥಿರವಾದ ಓಟಕ್ಕಿಂತ ಅದು ಹೆಚ್ಚಿನ ಸವೆತ. ಪ್ಲಾಟಿನಂ ಬಳಸಿದ ಕೋಶಗಳು ಅಮೆರಿಕದ ಓಕ್ಲೆಂಡ್ ಸುತ್ತ ಎಸಿ ಟ್ರಾನ್ಸಿಟ್ ಸಂಸ್ಥೆ ಓಡಿಸುವ ಬಸ್ಸುಗಳಲ್ಲಿ ಆ ಗುರಿಯನ್ನು ನಿಜವಾದ ರಸ್ತೆಯ ಮೇಲೆ ದಾಟಿ ತೋರಿಸಿವೆ. ಭಾರತದಲ್ಲಿ ಟಾಟಾ ಮೋಟರ್ಸ್ 2023ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಗೆ ಹೈಡ್ರೋಜನ್ ಬಸ್ಸುಗಳನ್ನು ಹಸ್ತಾಂತರಿಸಿತು. ಬಸ್ಸು ಕಟ್ಟುವ ದೊಡ್ಡ ಕಾರ್ಖಾನೆ ಧಾರವಾಡದಲ್ಲಿಯೇ ಇರುವುದರಿಂದ ಈ ಬೆಳವಣಿಗೆಯಲ್ಲಿ ನಮಗೆ ಕುತೂಹಲ ಸಹಜ. ಆದರೆ ಕಬ್ಬಿಣದ ಕ್ರಿಯಾವರ್ಧಕದ ಬಸ್ಸು ಇಂದು ಕಾಗದದ ಮೇಲೆ ಕೂಡ ಓಡುವ ಸ್ಥಿತಿಯಲ್ಲಿಲ್ಲ.

ಬಾಳಿಕೆಯ ಜೊತೆಗೆ ಗಾತ್ರದ ತೊಂದರೆಯೂ ಇದೆ. ಪ್ಲಾಟಿನಂ ಪದರ ಸುಮಾರು 10 ಮೈಕ್ರೋಮೀಟರ್ ದಪ್ಪ. ಕಬ್ಬಿಣದ ತಾಣಗಳು ವಿರಳವಾದ್ದರಿಂದ ಅದೇ ಕೆಲಸಕ್ಕೆ ಹೆಚ್ಚು ಪುಡಿ ಬೇಕು: ಚದರ ಸೆಂಟಿಮೀಟರಿಗೆ ನಾಲ್ಕು ಮಿಲಿಗ್ರಾಂ, ಪದರದ ದಪ್ಪ 100 ಮೈಕ್ರೋಮೀಟರ್. ದಪ್ಪ ಬಡಿದ ರೊಟ್ಟಿ ಹಂಚಿನ ಮೇಲೆ ಹೊರಗೆ ಸೀದು ಒಳಗೆ ಹಸಿಯಾಗಿಯೇ ಉಳಿಯುವಂತೆ, ಇಷ್ಟು ದಪ್ಪದ ಪದರದಲ್ಲಿ ಒಂದು ಅಂಚಿಗೆ ಗಾಳಿ ಸಿಗುತ್ತದೆ, ಇನ್ನೊಂದು ಅಂಚಿಗೆ ಪ್ರೋಟಾನು ಸಿಗುತ್ತದೆ, ನಡುವಿನ ಭಾಗಕ್ಕೆ ಎರಡೂ ಸರಿಯಾಗಿ ತಲುಪುವುದಿಲ್ಲ. ಪರಿಣಾಮವಾಗಿ ಶುದ್ಧ ಆಮ್ಲಜನಕ ಹರಿಸಿದಾಗ ಕಾಣುವ ಒಳ್ಳೆಯ ಅಂಕಿ ಗಾಳಿ ಹರಿಸಿದಾಗ ಕುಸಿಯುತ್ತದೆ. ಬಸ್ಸಿಗೆ ಸಿಗುವುದು ಗಾಳಿಯೇ.

ಒಂದು ಚದರ ಸೆಂಟಿಮೀಟರಿನಿಂದ ಒಂದು ವ್ಯಾಟಿನ ಬದಲು ಅರ್ಧ ವ್ಯಾಟ್ ಬಂದರೆ 100 ಕಿಲೋವ್ಯಾಟಿಗೆ ಹತ್ತು ಚದರ ಮೀಟರ್ ಹೋಗಿ ಇಪ್ಪತ್ತು ಚದರ ಮೀಟರ್ ಕೋಶ ಬೇಕು. ಅಂದರೆ ಪೊರೆ ದುಪ್ಪಟ್ಟು, ಅನಿಲ ಹಂಚುವ ಫಲಕಗಳು ದುಪ್ಪಟ್ಟು, ಸೀಲುಗಳು ದುಪ್ಪಟ್ಟು, ವಾಹನದಲ್ಲಿ ಹಿಡಿಯುವ ಜಾಗವೂ ದುಪ್ಪಟ್ಟು. ಪ್ಲಾಟಿನಂನಲ್ಲಿ ಉಳಿಸಿದ ಹಣ ಇಲ್ಲಿಯೇ ಕರಗಿಹೋಗಬಹುದು. ಮೇಲಾಗಿ ಹೈಡ್ರೋಜನ್ ಬದಿಯಲ್ಲಿ ಸ್ವಲ್ಪ ಪ್ಲಾಟಿನಂ ಉಳಿದೇ ಇರುತ್ತದೆ. “ಪ್ಲಾಟಿನಂ ರಹಿತ” ಎಂದು ಸುದ್ದಿಯಾಗುವ ಬಹುತೇಕ ಕೋಶಗಳಲ್ಲಿ ಅದು ಇಲ್ಲದಿರುವುದು ಒಂದೇ ಬದಿಯಲ್ಲಿ. ಹಳೆಯ ಕೋಶದಿಂದ ಪ್ಲಾಟಿನಂನ ಶೇಕಡಾ 90ಕ್ಕೂ ಹೆಚ್ಚನ್ನು ಮರಳಿ ತೆಗೆಯಬಹುದು, ಆದ್ದರಿಂದ ಅದಕ್ಕೆ ಹಾಕಿದ ಹಣ ಪೂರ್ತಿ ಖರ್ಚಾದಂತಲ್ಲ. ಕಬ್ಬಿಣದ ಕಪ್ಪು ಪುಡಿಗೆ ಮರುಮಾರಾಟದ ಬೆಲೆ ಇಲ್ಲ.

ಇನ್ನು ನಮ್ಮ ಪ್ರಯೋಗಾಲಯಗಳ ಮಾತು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, 2016ರಲ್ಲಿ ಆರಂಭವಾಗಿ ಈಗ ಚಿಕ್ಕಮಲ್ಲಿಗವಾಡದ ಸ್ವಂತ ನೆಲೆಯಲ್ಲಿರುವ ಐಐಟಿ ಇದೆ. ಹುಬ್ಬಳ್ಳಿಯಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಇಂತಹ ಊರಿನಲ್ಲಿ ಈ ವಿಷಯವನ್ನು ಹಿಡಿಯುವ ಸಂಶೋಧನಾ ವಿದ್ಯಾರ್ಥಿಗೆ ಸಾಮಾನ್ಯವಾಗಿ ಕೈಗೆಟುಕುವ ಉಪಕರಣ ತಿರುಗುವ ತಟ್ಟೆಯ ಎಲೆಕ್ಟ್ರೋಡ್. ಐದು ಮಿಲಿಮೀಟರ್ ಅಡ್ಡಗಲದ ಗಾಜಿನಂತಹ ಇಂಗಾಲದ ತಟ್ಟೆಯನ್ನು ಅಲ್ಯೂಮಿನಾ ಪುಡಿಯಲ್ಲಿ ಕನ್ನಡಿಯಾಗುವವರೆಗೆ ಉಜ್ಜಿ, ಕ್ರಿಯಾವರ್ಧಕದ ಪುಡಿಯನ್ನು ಆಲ್ಕೋಹಾಲು ಮತ್ತು ನ್ಯಾಫಿಯಾನ್ ದ್ರಾವಣದಲ್ಲಿ ಕಲಕಿ ಮಾಡಿದ ಶಾಯಿಯ ಒಂದು ಹನಿಯನ್ನು ಅದರ ಮೇಲಿಟ್ಟು ಒಣಗಿಸುತ್ತಾರೆ. ಹನಿ ಅಂಚಿನಲ್ಲಿ ಉಂಗುರದಂತೆ ಒಣಗಿದರೆ ಅಳತೆ ಕೆಟ್ಟಿತು, ಉಜ್ಜಿ ಮತ್ತೆ ಹಾಕಬೇಕು. ಸಮನಾಗಿ ಕುಳಿತರೆ ಆಮ್ಲಜನಕ ತುಂಬಿದ ದ್ರಾವಣದಲ್ಲಿ ಇಳಿಸಿ ನಿಮಿಷಕ್ಕೆ 1,600 ಸುತ್ತು ತಿರುಗಿಸುತ್ತ ವಿದ್ಯುತ್ತನ್ನು ಅಳೆಯುತ್ತಾರೆ. ಬರುವ ವಕ್ರರೇಖೆಯ ಅರ್ಧ ಎತ್ತರದಲ್ಲಿ ಎಷ್ಟು ವೋಲ್ಟ್ ಎಂಬ ಒಂದು ಅಂಕಿಯ ಮೇಲೆ ಪ್ರಬಂಧಗಳು ಪೈಪೋಟಿ ನಡೆಸುತ್ತವೆ. ಆಮ್ಲದಲ್ಲಿ ಪ್ಲಾಟಿನಂಗೆ ಅದು 0.9ರ ಸಮೀಪ, ಒಳ್ಳೆಯ ಕಬ್ಬಿಣದ ವಸ್ತುವಿಗೆ 0.8ರಿಂದ 0.85.

ಈ ಅಳತೆ ಅಗ್ಗ, ಚುರುಕು, ಉಪಯುಕ್ತ. ಆದರೆ ಕೋಣೆಯ ಉಷ್ಣತೆಯಲ್ಲಿ, ತೆಳು ಪದರದಲ್ಲಿ, ನೀರು ತುಂಬಿದ ಬೀಕರಿನಲ್ಲಿ ನಡೆಯುವ ಈ ಪರೀಕ್ಷೆ 80 ಡಿಗ್ರಿಯ ನಿಜವಾದ ಕೋಶದ ಬಗ್ಗೆ ಅಷ್ಟಾಗಿ ಏನನ್ನೂ ಹೇಳುವುದಿಲ್ಲ. ಆಮ್ಲದ ಬದಲು ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಅಳೆದರೆ ಕಬ್ಬಿಣದ ವಸ್ತುಗಳು ಪ್ಲಾಟಿನಂ ಅನ್ನು ಸುಲಭವಾಗಿ ಹಿಂದಿಕ್ಕುತ್ತವೆ. ಕ್ಷಾರದಲ್ಲಿ ಅಳೆದು, ಆಮ್ಲೀಯ ಪೊರೆಯ ಕಾರಿನ ಚಿತ್ರವನ್ನು ಪೀಠಿಕೆಯಲ್ಲಿ ಹಾಕುವ ಪ್ರಬಂಧಗಳು ಬೇಕಾದಷ್ಟಿವೆ. ಇದಕ್ಕಿಂತ ಸೂಕ್ಷ್ಮವಾದ ಬಲೆಯೂ ಒಂದಿದೆ. ಬೀಕರಿನಲ್ಲಿ ಎರಡನೆಯ ಎಲೆಕ್ಟ್ರೋಡಾಗಿ ಪ್ಲಾಟಿನಂ ತಂತಿಯನ್ನೇ ಬಳಸಿದರೆ, ಆಮ್ಲದಲ್ಲಿ ದೀರ್ಘಕಾಲ ಓಡಿಸಿದಾಗ ಅದರಿಂದ ಅತ್ಯಲ್ಪ ಪ್ಲಾಟಿನಂ ಕರಗಿ, ಪರೀಕ್ಷೆಗೊಳಗಾದ ಕಬ್ಬಿಣದ ಪದರದ ಮೇಲೆ ಕೂರುತ್ತದೆ. ಆಗ ಕ್ರಿಯಾವರ್ಧಕ ದಿನದಿಂದ ದಿನಕ್ಕೆ ಸುಧಾರಿಸಿದಂತೆ ಕಾಣುತ್ತದೆ! ಗ್ರಾಫೈಟ್ ಕಡ್ಡಿ ಬಳಸಿದರೆ ಈ ಮೋಸ ತಪ್ಪುತ್ತದೆ. ಬದಲಾವಣೆ ಸಣ್ಣದು, ಅದನ್ನು ಮಾಡದ ಫಲಿತಾಂಶವನ್ನು ಮಾತ್ರ ನಂಬುವಂತಿಲ್ಲ.

ಬೆಳೆಯ ಉಳಿಕೆಯಿಂದ ಇಂಗಾಲ ಮಾಡುವ ಸಂಶೋಧನೆಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳ ಹೇರಳ, ಹತ್ತಿಯೂ ಇದೆ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೊಟ್ಟು ಬಿಡಿಸುವ ಕೆಲಸ ನಡೆದೇ ಇರುತ್ತದೆ. ಕಾಳು ಬಿಡಿಸಿದ ದಿಂಡು, ಹತ್ತಿಯ ಕಟ್ಟಿಗೆ, ಶೇಂಗಾ ಸಿಪ್ಪೆ ಇವನ್ನು ಜಡ ಅನಿಲದಲ್ಲಿ ಸುಟ್ಟು ಸಾರಜನಕಯುಕ್ತ ಇಂಗಾಲ ಮಾಡಿದರೆ ರೈತರಿಗೂ ಆದಾಯ, ಕೋಶಕ್ಕೂ ಅಗ್ಗದ ಆಧಾರ ಎಂಬ ಮಾತು ಕೇಳಲು ಚೆನ್ನಾಗಿದೆ. ಒಂದು ಪ್ರಯೋಗಕ್ಕೆ ಅದು ಸಾಧ್ಯವೂ ಹೌದು. ಆದರೆ ಎರೆ ಭೂಮಿಯ ದಂಟಿನಲ್ಲಿರುವ ಬೂದಿಯ ಅಂಶ ಮಸಾರಿ ಭೂಮಿಯ ದಂಟಿನಲ್ಲಿ ಇರುವುದಿಲ್ಲ; ಪೊಟ್ಯಾಷ್, ಸಿಲಿಕಾ, ಕಬ್ಬಿಣ ಎಲ್ಲವೂ ಹೊಲದಿಂದ ಹೊಲಕ್ಕೆ ಬದಲಾಗುತ್ತವೆ. ಆಮ್ಲದಲ್ಲಿ ತೊಳೆದ ಮೇಲೂ ಉಳಿಯುವ ಚೂರು ಕಬ್ಬಿಣವೇ ಕೆಲಸ ಮಾಡುತ್ತಿದ್ದು, ಪ್ರಬಂಧದಲ್ಲಿ “ಲೋಹವೇ ಇಲ್ಲದ ಕ್ರಿಯಾವರ್ಧಕ” ಎಂದು ಅಚ್ಚಾದ ಉದಾಹರಣೆಗಳ ಬಗ್ಗೆ ಕ್ಷೇತ್ರದಲ್ಲಿ ಗಂಭೀರ ಅನುಮಾನಗಳಿವೆ. ಕೃಷಿ ಉಳಿಕೆಗೆ ಇದಕ್ಕಿಂತ ಸರಳವಾದ, ಹೆಚ್ಚು ಪ್ರಮಾಣ ಬೇಡುವ ಬಳಕೆಗಳಿವೆ. ಒಂದು ಕಾರಿನ ಕ್ರಿಯಾವರ್ಧಕಕ್ಕೆ ಬೇಕಾಗುವ ಇಂಗಾಲ ಒಂದು ಕಿಲೋಗ್ರಾಂ ಆಸುಪಾಸು. ಅದರಿಂದ ಹಾವೇರಿಯ ರೈತನ ಬದುಕು ಬದಲಾಗದು.

ಆಮ್ಲೀಯ ಪೊರೆಯನ್ನೇ ಬಿಟ್ಟು ಕ್ಷಾರೀಯ ಪೊರೆಗೆ ಹೋಗುವುದು ಇನ್ನೊಂದು ದಾರಿ. ಅಲ್ಲಿ ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಕರಗುವ ಭಯ ಬಹಳ ಕಡಿಮೆ, ಆಮ್ಲಜನಕದ ಕ್ರಿಯೆಯೂ ಸುಗಮ. ಪ್ರತಿಯಾಗಿ ಆಮ್ಲದಲ್ಲಿ ಸಲೀಸಾಗಿದ್ದ ಹೈಡ್ರೋಜನ್ ಬದಿಯ ಕ್ರಿಯೆ ಕ್ಷಾರದಲ್ಲಿ ಪ್ಲಾಟಿನಂ ಮೇಲೆಯೂ ನೂರು ಪಟ್ಟು ನಿಧಾನವಾಗುತ್ತದೆ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕ್ಷಾರದೊಂದಿಗೆ ಕೂಡಿ ಕಾರ್ಬೋನೇಟಾಗಿ ಪೊರೆಯ ವಾಹಕತೆಯನ್ನು ಇಳಿಸುತ್ತದೆ. ನೀರನ್ನು ಒಡೆಯುವ ಯಂತ್ರದಲ್ಲಿ ಈ ತೊಡಕುಗಳು ಅಷ್ಟು ಕಾಡುವುದಿಲ್ಲ. ನಿಕ್ಕಲ್ ಬಳಸುವ ಕ್ಷಾರೀಯ ವಿದ್ಯುದ್ವಿಭಜಕಗಳು ದಶಕಗಳಿಂದ ಕೈಗಾರಿಕೆಯಲ್ಲಿವೆ. ಕಪ್ಪತಗುಡ್ಡದ ಸುತ್ತಲಿನ ಗಾಳಿ ವಿದ್ಯುತ್ತಿನಿಂದ ಮುಂದೊಂದು ದಿನ ಹೈಡ್ರೋಜನ್ ಮಾಡುವುದಾದರೆ ಪ್ಲಾಟಿನಂ ಆಗಲಿ, ಅದಕ್ಕಿಂತಲೂ ವಿರಳವಾದ ಇರಿಡಿಯಂ ಆಗಲಿ ಅನಿವಾರ್ಯವಲ್ಲ. ಬೆಲೆಬಾಳುವ ಲೋಹದ ಸಮಸ್ಯೆ ಗದಗಿನ ತುದಿಯಲ್ಲಿ ಹಗುರ, ಬಸ್ಸಿನ ತುದಿಯಲ್ಲಿ ಭಾರ.

ಹಾಗಿದ್ದರೂ ಕಬ್ಬಿಣದಂತಹ ಕ್ರಿಯಾವರ್ಧಕಕ್ಕೆ ಮಾರುಕಟ್ಟೆಯೇ ಇಲ್ಲವೆಂದಲ್ಲ. 2017ರಲ್ಲಿ ಕೆನಡಾದ ಬಲ್ಲಾರ್ಡ್ ಕಂಪನಿ ಜಪಾನಿನ ನಿಶ್ಶಿನ್ಬೊ ಜೊತೆಗೂಡಿ, ಕ್ಯಾಥೋಡಿನಲ್ಲಿ, ಅಂದರೆ ಆಮ್ಲಜನಕದ ಬದಿಯಲ್ಲಿ, ಬೆಲೆಬಾಳುವ ಲೋಹವಿಲ್ಲದ 30 ವ್ಯಾಟಿನ ಸಣ್ಣ ಕೋಶವನ್ನು ವಾಣಿಜ್ಯ ಉತ್ಪನ್ನವಾಗಿ ಘೋಷಿಸಿತು. ಮೂವತ್ತು ವ್ಯಾಟ್ ಎಂದರೆ ಒಂದೆರಡು ಎಲ್‌ಇಡಿ ದೀಪದಷ್ಟು. ಆಯ್ಕೆ ಜಾಣತನದ್ದು: ಗಾತ್ರ ಮುಖ್ಯವಲ್ಲದ, ಒಟ್ಟು ಓಟದ ತಾಸುಗಳು ಕಡಿಮೆಯಿರುವ, ಕರೆಂಟು ಹೋದಾಗ ಮಾತ್ರ ಎದ್ದು ಕೆಲಸ ಮಾಡುವ ಕಡೆ ಇಂತಹ ಕೋಶ ಸಲ್ಲುತ್ತದೆ. ಮೊಬೈಲ್ ಟವರು, ರೈಲ್ವೆ ಸಿಗ್ನಲ್ ಗುಮ್ಮಟಿ, ಹಳ್ಳಿಯ ಆರೋಗ್ಯ ಕೇಂದ್ರದ ಲಸಿಕೆಯ ಫ್ರಿಜ್ ಇವುಗಳಿಗೆ ವರ್ಷಕ್ಕೆ ಕೆಲವು ನೂರು ತಾಸು ನಡೆದರೆ ಸಾಕು. 25,000 ತಾಸಿನ ಷರತ್ತು ಅಲ್ಲಿಲ್ಲ. ಅಲ್ಲಿಯೂ ಬ್ಯಾಟರಿಯೊಂದಿಗೆ ಸ್ಪರ್ಧಿಸಬೇಕು, ಬ್ಯಾಟರಿಯ ಬೆಲೆ ವರ್ಷವರ್ಷಕ್ಕೆ ಇಳಿಯುತ್ತಿದೆ ಎಂಬುದನ್ನು ಮರೆಯುವಂತಿಲ್ಲ.

ದೇಶದಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಮತ್ತು ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ ಈ ಕ್ಷೇತ್ರದಲ್ಲಿ ದೀರ್ಘಕಾಲದಿಂದ ಕೆಲಸ ಮಾಡಿವೆ. ಅಂತಹ ಸಂಸ್ಥೆಗಳ ಜೊತೆ ಹೊಸ ಪುಡಿ ತಯಾರಿಸುವ ಪೈಪೋಟಿಗೆ ಇಳಿಯುವುದಕ್ಕಿಂತ, ಯಾರೋ ತಯಾರಿಸಿದ ಪುಡಿಯನ್ನು ನಿಜವಾದ ಕೋಶದಲ್ಲಿ, 80 ಡಿಗ್ರಿಯಲ್ಲಿ, ಗಾಳಿ ಹರಿಸಿ, ಸಾವಿರ ತಾಸು ಓಡಿಸಿ, ಸೋತದ್ದನ್ನೂ ಸೇರಿಸಿ ಪ್ರಕಟಿಸುವ ಪರೀಕ್ಷಾ ಕೇಂದ್ರವೊಂದು ಧಾರವಾಡದಲ್ಲಿ ಬಂದರೆ ಹೆಚ್ಚು ಉಪಯೋಗ. ಸಾವಿರ ತಾಸು ಎಂದರೆ ನಲವತ್ತೆರಡು ದಿನ. ಅಷ್ಟು ದಿನ ಅನಿಲ, ವಿದ್ಯುತ್, ಕಾವಲು ಯಾವುದೂ ತಪ್ಪದಂತೆ ನೋಡಿಕೊಳ್ಳಲು ವಿದ್ಯಾರ್ಥಿವೇತನ ಸಾಲದು, ಕಾಯಂ ತಾಂತ್ರಿಕ ಸಿಬ್ಬಂದಿ ಬೇಕು. ಇಂತಹ ಕೆಲಸಕ್ಕೆ ದೊಡ್ಡ ಪತ್ರಿಕೆಗಳಲ್ಲಿ ಜಾಗ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಮಿಷನ್ನಿನ ಆ 400 ಕೋಟಿಯಲ್ಲಿ ಒಂದು ಪಾಲನ್ನು ನೇರವಾಗಿ ಬಾಳಿಕೆಯ ಪರೀಕ್ಷೆಗೇ ಕಟ್ಟಿಡುವುದು ಸೂಕ್ತ.

ಇತ್ತ ಸಾರಿಗೆ ಸಂಸ್ಥೆಗಳು ಹೈಡ್ರೋಜನ್ ಬಸ್ಸನ್ನು ಕೊಳ್ಳುವ ದಿನ ಬಂದರೆ ಆ ಬಸ್ಸಿನ ಕೋಶದಲ್ಲಿ ಪ್ಲಾಟಿನಂ ಇದ್ದೇ ಇರುತ್ತದೆ ಎಂದು ಹಿಡಿದು ಟೆಂಡರ್ ಬರೆಯುವುದು ಲೇಸು. ಎಷ್ಟು ತಾಸಿನ ಖಾತರಿ, ಎಷ್ಟು ವೋಲ್ಟ್ ಇಳಿದರೆ ಕೋಶ ಬದಲಿಸಬೇಕು, ಬದಲಿಸಿದ ಹಳೆಯ ಕೋಶದೊಳಗಿನ ಪ್ಲಾಟಿನಂ ಯಾರ ಪಾಲಿಗೆ ಎಂಬ ಮೂರು ಷರತ್ತುಗಳು ಆ ಕಾಗದದಲ್ಲಿ ಇಲ್ಲದಿದ್ದರೆ, ಸವೆದ ಕೋಶದೊಂದಿಗೆ ಒಂದೊಂದು ಬಸ್ಸಿಗೂ ಹತ್ತಾರು ಗ್ರಾಂ ಬೆಲೆಬಾಳುವ ಲೋಹ ತಯಾರಕರ ಗೋದಾಮಿಗೆ ಮರಳಿ ಹೋಗುತ್ತದೆ, ಅದರ ಹಣವನ್ನು ಮಾತ್ರ ಸಂಸ್ಥೆ ಎರಡನೆಯ ಸಲ ಕೊಡುತ್ತದೆ.